ಗೋಲಿನ ಮಣ್ಣಿನಲ್ಲಿ ಏಳು ತುಳಸಿ ಮಣಿ

"ಕುಂದರು ಅನ್ನೂದಿಲ್ಲ. ನೀರು ಬೇಕೇನು ಅಂತ ಕೇಳೂದಿಲ್ಲ. ಬಂದ ಕೆಲಸ ಹೇಳು, ಜಮಾದಾರ."

ಮಹಾರುದ್ರಪ್ಪ ತಲೆ ಎತ್ತಲಿಲ್ಲ. ಗಾದಿಯ ಮೇಲೆ ಕಾಲು ಮಡಚಿ ಕೂತು, ಅಂಗೈಯಲ್ಲಿ ಕುಸುಬಿ ಕಾಳು ಹರವಿ, ಊದಿ ಹೊಟ್ಟು ಹಾರಿಸುತ್ತಿದ್ದ. ಬಸವಕಲ್ಯಾಣದ ಗಂಜಿನಲ್ಲಿ, ಕಾಳಿನ ಪೇಟೆಯಲ್ಲಿ, ಆತನದು ದೊಡ್ಡ ಅಡತಿ ಅಂಗಡಿ, ಅದರ ಹಿಂದೆಯೇ ಮನೆ. ಅಂಗಡಿಯ ಗೋಡೆಯ ಮೇಲೆ ಚೀಲದ ಲೆಕ್ಕಕ್ಕಿಂತ ಫುಟ್‌ಬಾಲ್ ತಂಡದ ಫೋಟೋಗಳೇ ಹೆಚ್ಚು. ೧೯೫೮, ೧೯೬೧, ೧೯೬೪. ಎಲ್ಲದರಲ್ಲೂ ನಡುವಿನ ಕುರ್ಚಿ ಕಲ್ಯಾಣ ಯೂನಿಯನ್ ಕ್ಲಬ್ಬಿನ ಅಧ್ಯಕ್ಷ ಮಹಾರುದ್ರಪ್ಪನದು. ನಾಲ್ಕನೆಯ ಮೊಳೆ ಬರಿದಾಗಿತ್ತು. ಅರವತ್ತೇಳರ ಕಪ್ಪಿನ ಫೋಟೋಕ್ಕೆಂದು ಮೊದಲೇ ಹೊಡೆದಿಟ್ಟ ಮೊಳೆ.

ಜಮಾದಾರ ಮಡೆಪ್ಪ ಹೊಸ್ತಿಲ ಹೊರಗೆ ನಿಂತೇ ಇದ್ದ. ಅವನ ಟೋಪಿ ಇನ್ನೂ ಹಸಿಯಾಗಿತ್ತು. ಬೆಳಿಗ್ಗೆ ಹುಮನಾಬಾದಿನಿಂದ ಬರುವಾಗ ರಾಜೇಶ್ವರದಲ್ಲಿ ಬಸ್ಸು ನಿಂತಿತ್ತು. ಯಾರೋ ಕಿಟಕಿಯೊಳಗೆ ಕೈ ಹಾಕಿ ಟೋಪಿ ಎತ್ತಿ ಚರಂಡಿಗೆ ಒಗೆದಿದ್ದರು. ಬಸ್ಸಿನಲ್ಲಿ ಒಬ್ಬರೂ ನಗಲಿಲ್ಲ, ಒಬ್ಬರೂ ಬೈಯಲಿಲ್ಲ. ಅವನು ಇಳಿದು, ಟೋಪಿ ಹಿಂಡಿ, ಮತ್ತೆ ಹತ್ತಿ ಕೂತಿದ್ದ. ಅವನ ಹುಟ್ಟೂರು ಎರಡೂ ಅಲ್ಲ, ನಿರ್ಣಾ. ಆದರೆ ಕಲ್ಯಾಣದವರ ಪಾಲಿಗೆ ಅವನು ಹುಮನಾಬಾದ್ ಠಾಣೆಯ ನಾಯಿ, ಹುಮನಾಬಾದಿನವರ ಪಾಲಿಗೆ ಕಲ್ಯಾಣದ ಸಾವಕಾರರ ಬಾಗಿಲು ಕಾಯುವವನು.

ಶನಿವಾರ ಹುಮನಾಬಾದ್ ಸ್ಟಾರ್ ಎದುರಿನ ಫೈನಲ್‌ನಲ್ಲಿ ಕಲ್ಯಾಣದ ಗೋಲ್‌ಕೀಪರ್ ತುಳಜಾರಾಮನಿಗೆ ಯಾರೋ ದತ್ತೂರಿ ಬೀಜ ಅರೆದು ಕುಡಿಸಿದ್ದರು, ಆತ ಅಂದೇ ಸತ್ತಿದ್ದ, ಮೈದಾನದಲ್ಲಿ ಚಹಾ ಮಾರುತ್ತಿದ್ದ ಹುಮನಾಬಾದಿನ ಯುನೂಸ್ ಲಾಕಪ್ಪಿನಲ್ಲಿದ್ದ.

ಇಂದು, ಸೋಮವಾರ, ನಾಲ್ಕು ಗಂಟೆಯ ಬಸ್ಸಿಗೆ ಯುನೂಸನನ್ನು ಬೀದರಿನ ಕೋರ್ಟಿಗೆ ಒಯ್ಯುವುದೆಂದು ಫೌಜದಾರರು ಹೇಳಿಯಾಗಿತ್ತು. ಕೊಲೆಯ ಕೇಸು. ಒಮ್ಮೆ ಒಳಗೆ ಹೋದರೆ ಹೊರಗೆ ಬರುವುದು ಸುಲಭವಲ್ಲ. ಅವನ ತಾಯಿ ವಜೀರಬಿ ಎರಡು ದಿನದಿಂದ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ಆ ಕೇಸು ಪೂರ್ತಿ ಒಂದೇ ಕಂಬದ ಮೇಲೆ ನಿಂತಿತ್ತು: ತುಳಜಾರಾಮ ಯುನೂಸನ ಚಹಾ ಕುಡಿದದ್ದನ್ನು ಕಣ್ಣಾರೆ ಕಂಡೆ ಎಂಬ ಮಹಾರುದ್ರಪ್ಪನ ಹೇಳಿಕೆ.

"ನಿಮ್ಮ ಬಯಾನ್ ಇನ್ನೊಮ್ಮೆ ಕೇಳಬೇಕಾಗಿತ್ರಿ, ಸಾವಕಾರ್ರ."

"ಬರಕೊಂಡೀರಲ್ಲ. ಠಾಣೇದಾಗ ಓದಾಕ ಬರುವವರು ಯಾರೂ ಇಲ್ಲೇನು?"

"ಬಾಯಿಂದ ಕೇಳಿದ್ರ ಚಲೋ ತಿಳೀತದ್ರಿ."

"ಹಂಗಾದ್ರ ಕೇಳು." ಮಹಾರುದ್ರಪ್ಪ ಕಾಳು ಚೀಲಕ್ಕೆ ಸುರಿದ. "ಹಾಫ್ ಟೈಮ್‌ದಾಗ ನಮ್ಮವರು ಬೇವಿನ ಗಿಡದ ಕೆಳಗ ಕುಂತಿದ್ರು. ಒಂದು ಗೋಲು ಮ್ಯಾಲಿದ್ದೆವು. ನಾವು ಕರದಿಲ್ಲ, ಕೇಳಿಲ್ಲ, ಯುನೂಸ್ ತಾನೇ ಕೆಟಲಿ ಹಿಡ್ಕೊಂಡು ಬಂದ. ತುಳಜಾರಾಮನ ಕೈಯಾಗ ಕಪ್ಪು ಕೊಟ್ಟ. ಆಂವ ಕುಡದ. ಮುಂದ ಏನಾತು ಎರಡೂ ಊರು ನೋಡ್ಯಾವ."

ನೋಡಿದ್ದವು. ಮಡೆಪ್ಪನೂ ನೋಡಿದ್ದ, ಹಗ್ಗದ ಬಳಿ ಬಂದೋಬಸ್ತಿಗೆ ನಿಂತಿದ್ದ. ಆಟ ಮುಗಿಯಲು ಕಾಲು ಗಂಟೆ ಇತ್ತು. ಚೆಂಡು ಮೈದಾನದ ನಡುವಿತ್ತು. ಇತ್ತ ತುಳಜಾರಾಮ ಒಬ್ಬನೇ ಗೋಲಿನ ಮುಂದೆ ಮೇಲಕ್ಕೆ ಹಾರಿ, ಗಾಳಿಯಲ್ಲಿ ಏನನ್ನೋ ಹಿಡಿದು, ಎದೆಗೊತ್ತಿಕೊಂಡು ನೆಲಕ್ಕೆ ಬಿದ್ದ. ಹುಮನಾಬಾದಿನವರು ಹೊಟ್ಟೆ ಹಿಡಿದು ನಕ್ಕರು. ಆತ ಇಲ್ಲದ ಚೆಂಡನ್ನು ಬಿಡಲೇ ಇಲ್ಲ. ನಿಜವಾದ ಚೆಂಡು ಎರಡು ಸಲ ಆತನ ಪಕ್ಕದಿಂದ ಒಳಗೆ ಹೋಯಿತು. ಪಂದ್ಯ ಮುಗಿದ ಮೇಲೆ ಕಲ್ಯಾಣದವರು ಕಲ್ಲು ಎತ್ತಿಕೊಂಡರು. ದವಾಖಾನೆಯಲ್ಲಿ ಡಾಕ್ಟರರು ಆತನ ಎರಡೂ ತೋಳು ಬಿಡಿಸಲು ಹೋದಾಗ ಆತ ಹೇಳಿದ್ದು ಒಂದೇ ಮಾತು: ಬಿಡಸಬ್ಯಾಡ್ರಿ, ಗೋಲಾಗ್ತದ.

"ಅದೇ ಕೆಟಲಿಯಿಂದ ಇನ್ನೂ ಆರು ಮಂದಿ ಕುಡದಾರ್ರಿ. ಯಾರಿಗೂ ಏನೂ ಆಗಿಲ್ಲ."

"ಕಪ್ಪಿನಾಗ ಹಾಕಿರಬೇಕು. ಅದನ್ನ ಹುಡುಕೂದು ನಿನ್ನ ಕೆಲಸ. ನನಗ್ಯಾಕ ಕೇಳ್ತಿ?" ಆತ ಮೊದಲ ಸಲ ತಲೆ ಎತ್ತಿದ. "ಇಲ್ಲಿ ಒಂದು ಊರೇ ಸೂತಕದಾಗ ಅದ, ಗೊತ್ತೇನು? ನಮ್ಮ ಕಪ್ತಾನ ಪಾಂಡುರಂಗ ಶನಿವಾರದಿಂದ ಒಂದು ಹನಿ ನೀರು ಬಾಯಾಗ ಹಾಕಿಲ್ಲ. ಗೆಳ್ಯಾನ ಸಲುವಾಗಿ ಅಷ್ಟು ಜೀವ ಸವಸಾಕತ್ಯಾನ. ನಿಮ್ಮ ಹುಮನಾಬಾದಿನಾಗ ಪೇಢೆ ಹಂಚ್ಯಾರ."

"ಪಾಂಡುರಂಗ ಮುಂದಿನ ವರ್ಷ ಹುಮನಾಬಾದ್ ಸ್ಟಾರ್ ಕಡಿಂದ ಆಡ್ತಾನ, ಮಾತು ಕೊಟ್ಟಾನ ಅಂತ ಸುದ್ದಿ ಅದಲ್ರಿ. ಹೆಂಡತಿ ತವರೂ ಅಲ್ಲೇ."

"ಯಾಂವ ಅಂದ?"

"ಎಲ್ಲರೂ ಅಂತಾರ್ರಿ."

"ಎಲ್ಲರಿಗೂ ಹಲ್ಲು ಅವ. ಉದುರಿಸಬೇಕಾಗ್ತದ."

ಆತನ ದನಿ ಏರಲಿಲ್ಲ. ಕುತ್ತಿಗೆಯ ನರ ಮಾತ್ರ ಏರಿತ್ತು. ಒಳಮನೆಯ ಬಾಗಿಲ ಪರದೆಯ ಹಿಂದೆ ಯಾರೋ ಏನೋ ಕುಟ್ಟುತ್ತಿದ್ದರು. ಕುಟ್ಟಾಣಿಯ ಏಟಿಗೊಮ್ಮೆ ಗಾಜಿನ ಬಳೆಗಳ ಸದ್ದು ಬರುತ್ತಿತ್ತು.

ಮಡೆಪ್ಪ ಕಿಸೆಯಿಂದ ತಂಬಾಕಿನ ಡಬ್ಬಿ ತೆಗೆದ. ಹೊಸ್ತಿಲ ಮೇಲೆ ಅಂಗವಸ್ತ್ರ ಹಾಸಿ ಅದರ ಮೇಲೆ ಡಬ್ಬಿ ಕೊಡವಿದ. ಏಳು ಮಣಿ ಉರುಳಿದವು. ಕಟ್ಟಿಗೆಯ ಸಣ್ಣ ಮಣಿ, ಬೆವರಿಗೆ ಕಪ್ಪಾದವು.

"ತುಳಸಿ ಮಣಿರಿ. ನಿನ್ನೆ ನಸುಕಿನಾಗ ಮೈದಾನಕ್ಕ ಹೋಗಿ ಬಾವಿ ಕಡಿ ಗೋಲಿನ ಮುಂದ ಮಣ್ಣು ಜಾಲಿಸಿದೆ. ಸಿಕ್ಕವು."

"ತುಳಜಾರಾಮಂದು. ವಿಠ್ಠಲನ ಭಕ್ತ, ವರ್ಷಾ ಪಂಢರಪುರಕ್ಕ ನಡಕೋತ ಹೋಗಾಂವ. ಬಿದ್ದು ಹೊಳ್ಳಾಡಿದಾಗ ಮಾಲಿ ಹರದಿರಬೇಕು. ಅದಕ್ಕೇನೀಗ?"

"ಯಾವಾಗ ಬಿದ್ದಾಗ್ರಿ?"

"ಕಡೀಕ. ವಿಷ ಏರಿದಾಗ."

"ಕಡೀಕ ಆಂವ ನಿಂತಿದ್ದು ರಸ್ತಾ ಕಡಿ ಗೋಲಿನಾಗ್ರಿ. ಹಾಫ್ ಟೈಮ್ ಆದ ಮ್ಯಾಲ ಕಡಿ ಬದಲಾಗ್ತಾವ. ಬಾವಿ ಕಡಿ ಇದ್ದದ್ದು ಮೊದಲನೇ ಹಾಫ್ ಅಷ್ಟೇ."

ಮಹಾರುದ್ರಪ್ಪ ಮಣಿಗಳನ್ನು ನೋಡಿದ. ಇಪ್ಪತ್ತು ವರ್ಷ ಫುಟ್‌ಬಾಲನ್ನೇ ಉಸಿರಾಡಿದವನು, ಆತನಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿರಲಿಲ್ಲ.

"ಮಾಲಿ ಮೊದಲೇ ಹರೀತು ಅಂತ ತಿಳಕೋ. ಆದ್ರೇನು?"

"ಆದ್ರ ಆಂವ ಯುನೂಸನ ಚಹಾ ಕುಡದಿಲ್ರಿ."

ನಿನ್ನೆ ತುಳಜಾರಾಮನ ಹೆಂಡತಿ ಕೇಶರಬಾಯಿಯ ಮನೆಗೆ ಹೋದಾಗ ಆಕೆ ಮೊರದಲ್ಲಿ ಜೋಳ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಅಳುತ್ತಿರಲಿಲ್ಲ. ಆರಿಸಿದ ಜೋಳವನ್ನೇ ಮತ್ತೆ ಮೊರಕ್ಕೆ ಹಾಕಿ ಮತ್ತೆ ಆರಿಸುತ್ತಿದ್ದಳು. ಮಣಿ ತೋರಿಸಿದಾಗ, ಕೈ ನಿಲ್ಲಿಸದೆ ಹೇಳಿದ್ದಳು: ಮಾಲಿ ಹಾಕಿದವರು ಮಾಲಿ ಹರದ್ರ, ಇನ್ನೊಂದು ಕೊರಳಿಗೆ ಬರುವ ತನಕ ಅನ್ನ ಇಲ್ರಿ, ನೀರಿಲ್ಲ. ಉಗುಳು ಸೈತ ನುಂಗೂದಿಲ್ಲ.

ಮಡೆಪ್ಪ ಅಷ್ಟನ್ನೂ ಸಾವಕಾರನಿಗೆ ಹೇಳಿದ. ಹೇಳಿ, "ನಿಮ್ಮ ಕೊರಳಾಗಿನ ಲಿಂಗ ಜಾರಿ ಬಿದ್ದು ಕಾಣದಾಗ್ಯದ ಅಂತ ತಿಳ್ಕೋರಿ. ಯುನೂಸ್ ಚಹಾ ಕೊಟ್ರ ಕುಡೀತೀರೇನ್ರಿ?" ಎಂದ. ಅವನ ಕೈ ತಾನಾಗಿ ಸಮವಸ್ತ್ರದ ಮೇಲೆ, ಎದೆಯ ನಡುವೆ ತನ್ನ ಲಿಂಗ ಇದ್ದಲ್ಲಿಗೆ ಹೋಗಿತ್ತು.

"ಲಿಂಗಕ್ಕೂ ಮಾಲಿಗೂ ಸರಿ ಮಾಡಬ್ಯಾಡ."

"ನಾ ಮಾಡಾಕತ್ತಿಲ್ರಿ. ಅವರ ನೇಮ ಅವರಿಗೆ ಅಷ್ಟೇ ಗಟ್ಟಿ. ನಿಮಗ ಅದು ಗೊತ್ತಿರಲಿಲ್ಲ. ಅದಕ್ಕ ಕಪ್ಪು ಕೈಯಾಗ ಹಿಡದದ್ದು ನೋಡಿ, ಕುಡದ ಅಂತ ಹೇಳಿಬಿಟ್ಟೀರಿ."

ಮಹಾರುದ್ರಪ್ಪ ಕುಸುಬಿ ಚೀಲದ ಬಾಯಿ ಕಟ್ಟಿದ. ಆಮೇಲೆ ಕೇಳಿದ್ದು ಬೇರೆಯೇ ಮಾತು.

"ಹಂಗಾದ್ರ ಮಾಲಿ ಇಲ್ಲದಾಂವ ಎಷ್ಟು ಹೊತ್ತು ಹಂಗೇ ಇರ್ತಾನ?"

"ಇನ್ನೊಂದು ಸಿಗುವ ತನಕ್ರಿ."

"ಒಂದು ದಿನ? ಎರಡು ದಿನ?"

"ಜೀವ ಹೋದ್ರೂ ಮುಟ್ಟೂದಿಲ್ಲಂತ್ರಿ."

ಪರದೆಯ ಹಿಂದೆ ಕುಟ್ಟಾಣಿ ನಿಂತಿತ್ತು. ಯಾವಾಗ ನಿಂತಿತೋ ಮಡೆಪ್ಪ ಗಮನಿಸಿರಲಿಲ್ಲ. ಬಳೆಗಳ ಸದ್ದೂ ಇರಲಿಲ್ಲ.

"ಬಯಾನ್ ತಿರುವಿದ್ರ ನನಗ ಈ ಊರಾಗ ಏನಂತಾರ ಗೊತ್ತೇನು?" ಮಹಾರುದ್ರಪ್ಪ ಎದ್ದ. "ಹುಮನಾಬಾದಿಗೆ ಶರಣಾದ ಅಂತಾರ. ಕಪ್ಪೂ ಕೊಟ್ಟ, ಹೆಣಾನೂ ಕೊಟ್ಟ ಅಂತಾರ."

"ಯುನೂಸಂದೂ ಒಂದು ಜೀವ ಅದಲ್ರಿ."

"ಊಟದ ಹೊತ್ತಾತು. ಎರಡು ಗಂಟೆಗೆ ಬಾ. ಆವಾಗ ಹೇಳ್ತೀನಿ." ಹೊಸ್ತಿಲ ತನಕ ಬಂದು ಒಳಮನೆಗೆ ತಿರುಗುವಾಗ ಆತನ ಧೋತರದ ಅಂಚು ತಾಗಿ ಒಂದು ಮಣಿ ಬೀದಿಗೆ ಉರುಳಿತು. ಮಡೆಪ್ಪ ಬಗ್ಗಿ ಎತ್ತಿಕೊಂಡ. ಎದುರಂಗಡಿಯ ಹಮಾಲರು ಅದನ್ನು ನೋಡಿ, "ಮಣಿ ಆರಿಸಾಕ ಪೊಲೀಸರು ಬೇಕಾದ್ರು," ಎಂದು ನಕ್ಕರು.

ಗಂಜಿನ ಕೊನೆಯ ತನಕ ಆ ನಗೆ ಬೆನ್ನಟ್ಟಿ ಬಂತು. ಮಡೆಪ್ಪ ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ. ಹೋಟೆಲಿನ ಮುಂದೆ ನಿಂತ. ಹೋಟೆಲಿನವನು ಮಗ್ಗು ಬೋರಲು ಹಾಕಿದ. ಇರಲಿ.

ಅವನ ಇನ್ನೊಂದು ಕಿಸೆಯಲ್ಲಿ ಇನ್ನೊಂದು ವಸ್ತು ಇತ್ತು. ಅದನ್ನು ಅವನು ಸಾವಕಾರನಿಗೆ ತೋರಿಸಿರಲಿಲ್ಲ. ತುಳಜಾರಾಮನ ಹೆಣದ ಕೊರಳಿನಿಂದ ದವಾಖಾನೆಯಲ್ಲಿ ಬಿಚ್ಚಿದ ತುಳಸಿ ಮಾಲೆ. ಪೂರ್ತಿ ಮಾಲೆ, ಎಲ್ಲೂ ಹರಿದಿರಲಿಲ್ಲ. ಕೇಶರಬಾಯಿ ಅದನ್ನು ಒಮ್ಮೆ ನೋಡಿ ಹಿಂದಕ್ಕೆ ಕೊಟ್ಟಿದ್ದಳು. ಇದು ಅವರದಲ್ರಿ, ಗಂಟು ಬೇರೆ.

ಹಾಗಾದರೆ ಮಾಲೆ ಹರಿದ ಮೇಲೆ ಯಾರೋ ತಮ್ಮ ಮಾಲೆ ಬಿಚ್ಚಿ ಅವನಿಗೆ ಹಾಕಿದ್ದರು. ಹಾಕಿದ ಮೇಲೆ ಅವನು ಏನನ್ನೋ ಕುಡಿದಿದ್ದ. ಮಾಲೆ ಕೊಟ್ಟವನ ಕೊರಳು ಈಗ ಬರಿದಾಗಿರಬೇಕು. ಕೊರಳು ಬರಿದಾದವನು…

ಮಡೆಪ್ಪ ನಡುಬೀದಿಯಲ್ಲಿ ನಿಂತುಬಿಟ್ಟ. ಶನಿವಾರದಿಂದ ಒಂದು ಹನಿ ನೀರು ಬಾಯಾಗ ಹಾಕಿಲ್ಲ. ಸಾವಕಾರನೇ ಹೇಳಿದ್ದ ಮಾತು. ಊರು ಅದನ್ನು ಗೆಳೆತನ ಎಂದುಕೊಂಡಿತ್ತು. ಸಾವಕಾರನೂ ಹಾಗೇ ಅಂದುಕೊಂಡಿದ್ದ, ಮಡೆಪ್ಪ ನೇಮದ ಮಾತು ಹೇಳುವ ತನಕ. ಆಮೇಲೆ ಆತ ದಿನ ಎಣಿಸಿದ್ದ. ಒಂದು ದಿನ? ಎರಡು ದಿನ?

ನಡೆದದ್ದನ್ನು ಬಲ್ಲವನು ಯಾರೆಂದು ತಾನೇ ಹೋಗಿ ಸಾವಕಾರನಿಗೆ ತೋರಿಸಿಕೊಟ್ಟ ಹಾಗಾಯಿತಲ್ಲ ಎಂದುಕೊಂಡ ಮಡೆಪ್ಪ, ಓಡುವುದೊಂದು ಬಾಕಿ ಎಂಬಂತೆ ಕಿಲ್ಲೆಯ ಕಡೆ ಹೊರಟ.

ಪಾಂಡುರಂಗನ ಮನೆ ಕಿಲ್ಲೆಯ ಗೋಡೆಯ ಕೆಳಗಿನ ಓಣಿಯಲ್ಲಿತ್ತು. ಬಾಗಿಲು ತೆರೆದಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೆಂಡತಿ ಹುಮನಾಬಾದಿನ ತವರಿನಲ್ಲಿ ಸಿಕ್ಕಿಕೊಂಡಿದ್ದಳು. ಹೊರಸಿನ ಮೇಲೆ ಪಾಂಡುರಂಗ ಮಲಗಿದ್ದ. ತುಟಿ ಒಡೆದು ರಕ್ತ ಕರೆಗಟ್ಟಿತ್ತು. ಅಷ್ಟು ಬಿಸಿಲಿನಲ್ಲೂ ಅಂಗಿಯ ಗುಂಡಿ ಗಂಟಲ ತನಕ ಹಾಕಿದ್ದ. ತಲೆಯ ಹತ್ತಿರ ಯಾರೋ ಇಟ್ಟು ಹೋದ ನೀರಿನ ಚರಿಗೆ ತುಂಬಿ ಹಾಗೇ ಇತ್ತು.

"ಕೊರಳ ಗುಂಡಿ ಬಿಚ್ಚು, ಪಾಂಡುರಂಗ."

ಅವನು ಮಡೆಪ್ಪನ ಮುಖ ನೋಡಿದ. ಹಟ ಮಾಡಲಿಲ್ಲ. ಗುಂಡಿ ಒಂದೊಂದಾಗಿ ಬಿಚ್ಚಿದ. ಬಿಸಿಲಿಗೆ ಕರ್ರಗಾದ ಕೊರಳಿನ ಸುತ್ತ ಬೆಳ್ಳನೆಯ ಗೆರೆ. ವರ್ಷಗಟ್ಟಲೆ ಮಾಲೆ ಇದ್ದ ಜಾಗ.

ಮಡೆಪ್ಪ ಕಿಸೆಯ ಮಾಲೆ ತೆಗೆದು ಹೊರಸಿನ ಮೇಲಿಟ್ಟ.

"ನಂದೇರಿ," ಎಂದ ಪಾಂಡುರಂಗ. ದನಿ ಒಣ ಕಡ್ಡಿ ಮುರಿದಂತಿತ್ತು. "ಹೆಣದ ಮ್ಯಾಲಿಂದ ಬಿಚ್ಚಿದ್ದು ಮತ್ತ ನನಗ ನಡೆಯೂದಿಲ್ಲ."

"ಇನ್ನೊಂದು ಯಾಕ ಕೇಳಲಿಲ್ಲ?"

"ಮೊದಲಿಂದು ಎಲ್ಲದ ಅಂತ ಕೇಳ್ತಾರಲ್ರಿ."

"ನಾನೂ ಅದನ್ನೇ ಕೇಳಾಕತ್ತೀನಿ. ಹೇಳು."

ಪಾಂಡುರಂಗ ಮಾಡಿನ ತೊಲೆ ನೋಡುತ್ತ ಹೇಳಿದ. ನಡುನಡುವೆ ನಿಂತ.

"ಮೊದಲನೇ ಹಾಫ್ ಮುಗಿಯೂ ಮುಂದ ಅವರ ಸೆಂಟರ್ ಫಾರ್ವರ್ಡ್ ತುಳಜನ ಮ್ಯಾಲ ಬಿದ್ದ. ಮಾಲಿ ಹರೀತು. ಹಾಫ್ ಟೈಮ್‌ದಾಗ ಯುನೂಸ್ ಚಹಾ ಕೊಟ್ಟ. ಬ್ಯಾಡ ಅಂದ್ರ ಆ ಮನಷ್ಯಾ ಬ್ಯಾಸರ ಮಾಡ್ಕೊಂಡಾನು ಅಂತ ತುಳಜ ಕಪ್ಪು ತೊಗೊಂಡ, ಕೈಯಾಗ ಹಿಡಕೊಂಡು ಕುಂತ, ಆಮ್ಯಾಲ ಬೇವಿನ ಬೇರಿಗೆ ಚೆಲ್ಲಿದ. ಬಾಯಿ ಅಂಟಂಟ ಆಗಿತ್ತು ಅವಂದು. ಇನ್ನೂ ಅರ್ಧ ಆಟ ಇತ್ತು. ಗಿಡದ ಹಿಂದ ಯಾರಿಗೂ ಕಾಣದಂಗ ಕರಕೊಂಡು ಹೋಗಿ ನಾ ನಂದು ಬಿಚ್ಚಿ ಅವನಿಗ ಹಾಕಿದೆ. ನೀ ಗೋಲು ಕಾಯಬೇಕು, ನಾ ಸಂಜಿ ತನಕ ತಡೀತೀನಿ ಅಂದೆ."

"ಏನು ಕುಡಿಸಿದಿ?"

ಪಾಂಡುರಂಗ ಕಣ್ಣು ಮುಚ್ಚಿದ. "ಕಪ್ತಾನನ ತಂಬಿಗಿ."

ಅದು ಕಲ್ಯಾಣದ ತಂಡ ನೋಡಿದವರಿಗೆಲ್ಲ ಗೊತ್ತಿದ್ದ ಪದ್ಧತಿ. ಐವತ್ತೆಂಟರಿಂದಲೂ ಪ್ರತಿ ಫೈನಲ್‌ಗೆ ಅಧ್ಯಕ್ಷರ ಮನೆಯಿಂದ ಒಂದು ಹಿತ್ತಾಳೆ ತಂಬಿಗೆ ಬೆಲ್ಲದ ಪಾನಕ ಬರುತ್ತಿತ್ತು, ಏಲಕ್ಕಿ, ಶುಂಠಿ ಕುಟ್ಟಿ ಹಾಕಿದ್ದು. ಹಾಫ್ ಟೈಮಿನಲ್ಲಿ ಅದನ್ನು ಕಪ್ತಾನ ಒಬ್ಬನೇ ಕುಡಿಯಬೇಕು. ಬೇರೆಯವರು ಮುಟ್ಟುವುದಿಲ್ಲ. ಶನಿವಾರವೂ ಕಪ್ತಾನ ಕುಡಿದ, ಅವನಿಗೇನೂ ಆಗಲಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಆದ್ದರಿಂದ ಆ ತಂಬಿಗೆಯ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ, ಮಡೆಪ್ಪನ ಬಾಯಲ್ಲೂ.

"ಬೇರೆ ಏನಾದ್ರೂ ಕುಡದನೇನು ಆಂವ?"

"ಇಲ್ಲ. ಒಂದೇ ಸಲಕ್ಕ ತಂಬಿಗಿ ಖಾಲಿ ಮಾಡಿದ. ಕಹಿ ಅದಲೋ ಅಂದ. ಶುಂಠಿ ಜಾಸ್ತಿ ಆಗಿರಬೇಕು ಅಂದೆ ನಾನು." ಅವನ ಒಡೆದ ತುಟಿ ಅಲುಗಿತು. "ಹುಮನಾಬಾದಿಗೆ ಮಾತು ಕೊಟ್ಟೀನಿ ಅಂತ ಅದು ನನಗ ಬಂದಿತ್ರಿ, ಜಮಾದಾರ್ರ. ನನ್ನ ಸಾವು ಅದು. ನಾ ನನ್ನ ಕೈಯಾರೆ ಅವನಿಗ ಕುಡಿಸೀನಿ. ಕೇಶರ ವೈನಿಗೆ ಏನಂತ ಹೇಳ್ಲಿ?"

ಓಣಿಯಲ್ಲಿ ಯಾರೋ ಒಣಗಿದ ತೊಗರಿ ಕಟ್ಟಿಗೆಯ ಹೊರೆ ಇಳಿಸಿದರು. ಮಡೆಪ್ಪ ಆ ಸದ್ದಿಗೆ ಬಾಗಿಲ ಕಡೆ ತಿರುಗಿ, ಮತ್ತೆ ಇತ್ತ ತಿರುಗಿದ.

"ಅವಳಿಗೆ ಆಮ್ಯಾಲ ಹೇಳು. ಮೊದಲು ಫೌಜದಾರ್ ಸಾಹೇಬರಿಗೆ ಹೇಳು. ನೀ ಇಷ್ಟು ಬರದು ಕೊಟ್ರ ಯುನೂಸನ್ನ ನಾಲ್ಕರ ಬಸ್ಸಿಗೆ ಹತ್ತಸಾಕ ಆಗೂದಿಲ್ಲ."

"ಬರದು ಕೊಟ್ರ ಕಲ್ಯಾಣದವರು ನನ್ನ ಬಿಡ್ತಾರೇನು?"

"ಬಿಡೂದಿಲ್ಲ."

ಪಾಂಡುರಂಗ ಮೊದಲ ಸಲ ನಕ್ಕ ಹಾಗಾಯಿತು. "ಸುಳ್ಳರೆ ಹೇಳ್ರಿ. ಕಾಗದ ಕೊಡ್ರಿ, ಕೈ ಸೋಲೂದರೊಳಗ ಬರೀತೀನಿ."

ಮಡೆಪ್ಪ ಕಿಸೆಯ ಪುಸ್ತಕ ತೆಗೆದು ಹಾಳೆ ಹರಿಯುವಷ್ಟರಲ್ಲಿ ಹೊಸ್ತಿಲಲ್ಲಿ ಗಾಜಿನ ಬಳೆಗಳ ಸದ್ದಾಯಿತು.

ಮಹಾರುದ್ರಪ್ಪನ ಹೆಂಡತಿ ಲಲಿತಾಬಾಯಿ ನಿಂತಿದ್ದಳು. ತಲೆಯ ಮೇಲೆ ಸೆರಗು, ಹಣೆಯಲ್ಲಿ ವಿಭೂತಿ. ಒಂದು ಕೈಯಲ್ಲಿ ತಾಟು, ತಾಟಿನಲ್ಲಿ ಹೊಸ ತುಳಸಿ ಮಾಲೆ. ಇನ್ನೊಂದು ಕೈಯಲ್ಲಿ ಹಸಿ ಬಟ್ಟೆ ಮುಚ್ಚಿದ ಹಿತ್ತಾಳೆ ತಂಬಿಗೆ. ಪಾಂಡುರಂಗನ ಕಣ್ಣು ತಂಬಿಗೆಯ ಮೇಲೆ ನಿಂತಿತು. ಶನಿವಾರದ್ದೇ ತಂಬಿಗೆಯೋ ಎಂದು ಮಡೆಪ್ಪ ಕೇಳಬೇಕಾಗಿರಲಿಲ್ಲ.

"ಜಮಾದಾರಪ್ಪ, ನೀನೂ ಇಲ್ಲೇ ಅದೀಯೇನು? ಚಲೋ ಆತು." ಅವಳ ದನಿಯಲ್ಲಿ ತಾಯಿತನ ಇತ್ತು. "ನೀ ಅಂಗಡ್ಯಾಗ ಹೇಳೂದು ಕೇಳಿಸ್ತು. ಆವಾಗ ತಿಳೀತು, ನಮ್ಮ ಹುಡುಗ ಯಾಕ ನೀರು ಮುಟ್ಟವಲ್ಲ ಅಂತ. ಗುಡ್ಯಾಗಿಂದ ಮಾಲಿ ಇಸಕೊಂಡು ಬಂದೀನಿ. ಕಟ್ಟಿಕೋಪ್ಪಾ ಪಾಂಡು. ಕಟ್ಟಿಕೊಂಡು ಇಷ್ಟು ಪಾನಕ ಕುಡಿ."

"ಸಾವಕಾರ್ರು ಕಳಿಸ್ಯಾರೇನ್ರಿ, ಅಕ್ಕಾರ?" ಮಡೆಪ್ಪ ಬಾಗಿಲಿಗೂ ಹೊರಸಿಗೂ ನಡುವೆ ಬಂದು ನಿಂತ.

"ಅವರಿಗೇನು ಗೊತ್ತು. ಅವರು ಉಣ್ಣಾಕತ್ಯಾರ. ನಾನೇ ಬಂದೆ."

"ಪಾನಕ ಯಾರು ಮಾಡಿದ್ದು?"

"ನಾನು. ನಮ್ಮ ಮನ್ಯಾಗ ಈ ತಂಬಿಗಿ ತುಂಬೂದು ಯಾವಾಗಲೂ ನನ್ನ ಕೆಲಸ."

ಎರಡು ದಿನದ ಬಾಯಾರಿಕೆಯಲ್ಲಿ ಪಾಂಡುರಂಗನ ಗಂಟಲು ತಾನಾಗಿ ಅಲುಗಿತು. ಹಸಿ ಬಟ್ಟೆಯ ಅಂಚಿನಿಂದ ಏಲಕ್ಕಿಯ ವಾಸನೆ ಬರುತ್ತಿತ್ತು.

"ಮೊದಲು ನೀವೊಂದು ಗುಟುಕು ಕುಡೀರಿ," ಎಂದ ಮಡೆಪ್ಪ.

ಲಲಿತಾಬಾಯಿ ನಕ್ಕಳು. "ಇವತ್ತು ಸೋಮವಾರಪ್ಪ. ನಂದು ಒಪ್ಪತ್ತು. ರಾತ್ರಿ ಪೂಜಾ ಆಗುವ ತನಕ ಏನೂ ಮುಟ್ಟೂದಿಲ್ಲ."

ಮಡೆಪ್ಪನ ಕೈ ಮತ್ತೆ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. ನಿರ್ಣಾದಲ್ಲಿ ಅವನ ತಾಯಿ ನಲವತ್ತು ವರ್ಷ ಸೋಮವಾರ ಹಿಡಿದವಳು. ಮಧ್ಯಾಹ್ನದ ಹೊಲದ ಬಿಸಿಲಿನಲ್ಲಿ ಅವಳು ಕುಡಿಯುತ್ತಿದ್ದುದು ಒಂದೇ, ತಾನೇ ಕಲಸಿದ ಬೆಲ್ಲದ ಪಾನಕ.

"ಒಪ್ಪತ್ತಿಗೆ ಪಾನಕ ನಡೀತದ್ರಿ, ಅಕ್ಕಾರ. ನಾನೂ ನಿಮ್ಮವನೇ."

ಅವಳ ಮುಖದ ನಗು ಹಾಗೇ ಇತ್ತು. ತಂಬಿಗೆ ಹಿಡಿದ ಕೈಯಲ್ಲಿ ಮಾತ್ರ ಬಳೆಗಳು ಒಂದಕ್ಕೊಂದು ಬಡಿದು ಸಣ್ಣಗೆ ಸದ್ದು ಮಾಡತೊಡಗಿದವು.